ತುಪ್ಪದ ಬೆಲೆ 45 ರೂಪಾಯಿ ಇಳಿಯಬೇಕಿತ್ತು, 40 ಯಾಕೆ ಇಳೀತು? ಏಳನೇ ಕ್ಲಾಸಿನ ಮಗನಿಗೆ ಏನು ಹೇಳಲಿ?

ಹೊಲಿಗೆಮನೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ ಬಂದಿದ್ದು 38. ಅಲ್ಲಿಗೆ ಗಣಿತದ ಋಣ ತೀರಿತು ಅಂದುಕೊಂಡಿದ್ದೆ. ಈಗ ಮಗ ಏಳನೇ ಕ್ಲಾಸು, ಕನ್ನಡ ಮೀಡಿಯಂ. ಋಣ ತೀರಿಲ್ಲ ಅಂತ ಗೊತ್ತಾಯ್ತು.

ಸ್ಕೂಲಲ್ಲಿ ಶೇಕಡಾ ಪಾಠ ಮುಗಿದಿದೆ. 400ರಲ್ಲಿ ಶೇ 15 ಎಷ್ಟು ಅಂದರೆ ತಕ್ಷಣ 60 ಅನ್ನುತ್ತಾನೆ. ಸ್ವಲ್ಪ ತಿರುಗಿಸಿ ಕೇಳಿದರೆ ಕತೆ ಮುಗೀತು. ಮೊನ್ನೆ ಕಿರುಪರೀಕ್ಷೆಯಲ್ಲಿ ಒಂದು ಲೆಕ್ಕ ಬಂದಿತ್ತು. ಶೇ 20 ರಿಯಾಯಿತಿ ಕೊಟ್ಟು ಒಂದು ಬ್ಯಾಗನ್ನು 480 ರೂಪಾಯಿಗೆ ಮಾರಿದರು, ರಿಯಾಯಿತಿಗೆ ಮುಂಚೆ ಅದರ ಬೆಲೆ ಎಷ್ಟು? ಇವನು 480ಕ್ಕೆ ಶೇ 20 ಅಂದರೆ 96, ಎರಡನ್ನೂ ಕೂಡಿಸಿ 576 ಅಂತ ಬರೆದ. ಅದರ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಸೊನ್ನೆ ಹಾಕಿದ್ದಾರೆ. ನಾಲ್ಕು ಅಂಕ ಹೋಯಿತು. ಯಾಕೆ ತಪ್ಪು ಅಂತ ಅವನಿಗೂ ಗೊತ್ತಿಲ್ಲ. ಬೈದೆನಲ್ಲ, ನನಗೂ ಗೊತ್ತಿಲ್ಲ.

ಇದರ ಜೊತೆಗೆ ತುಪ್ಪ ಬೇರೆ. ನಮ್ಮೆಜಮಾನ್ರಿಗೆ ಮನೆ ಖರ್ಚನ್ನೆಲ್ಲ ಡೈರಿಯಲ್ಲಿ ಬರೆದಿಡುವ ಅಭ್ಯಾಸ. ಮಗ ಅದನ್ನು ತಿರುವಿ ಹಾಕುತ್ತಾ ಇದ್ದ. 2025ರ ಸೆಪ್ಟೆಂಬರ್ 22ರಿಂದ ತುಪ್ಪದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳೀತಲ್ಲ, ಆಗ ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು 610 ಆಯಿತು. ಇವನ ಲೆಕ್ಕ ಹೀಗಿದೆ: 12ರಲ್ಲಿ 5 ಕಳೆದರೆ 7. 650ರಲ್ಲಿ ಶೇ 7 ಅಂದರೆ 45 ರೂಪಾಯಿ 50 ಪೈಸೆ. ಹಾಗಾದರೆ 604 ರೂಪಾಯಿ 50 ಪೈಸೆ ಆಗಬೇಕಿತ್ತು. "ಐದೂವರೆ ರೂಪಾಯಿ ಎಲ್ಲಿ ಹೋಯ್ತಮ್ಮಾ?"

ಅವರಪ್ಪ ಪೇಪರ್‌ನಿಂದ ತಲೆ ಎತ್ತದೆ, "ತುಪ್ಪ ಅಲ್ವೇನೋ, ಅಳೆದವರ ಕೈಗೆ ಒಂಚೂರು ಅಂಟಿಕೊಂಡಿರುತ್ತೆ ಬಿಡು" ಅಂದರು. ಮಗ ನಗಲಿಲ್ಲ. ಉತ್ತರ ಸಿಗುವ ತನಕ ಬಿಡುವವನಲ್ಲ ಅವನು. ಯಾರಾದರೂ ನನ್ನಂಥವಳಿಗೂ ಅರ್ಥ ಆಗುವ ಹಾಗೆ ಹೇಳುತ್ತೀರಾ?

ಸೂತ್ರಧಾರ

ಸುಲಭ ಇದೆ ಮೇಡಂ.

ಮೂಲ ಬೆಲೆ = ಮಾರಿದ ಬೆಲೆ × 100 ÷ (100 − ರಿಯಾಯಿತಿ)

480 × 100 ÷ 80 = 600. ಇದೇ ಉತ್ತರ. ತುಪ್ಪಕ್ಕೆ ಕಳೆಯುವ ಬದಲು ಕೂಡಿ. 650 × 100 ÷ 112. ಬಂದದ್ದಕ್ಕೆ ಶೇ 5 ಸೇರಿಸಿ. ಹತ್ತಿರ ಹತ್ತಿರ 610 ಬರುತ್ತದೆ. ಯಾರ ಕೈಗೂ ತುಪ್ಪ ಅಂಟಿಲ್ಲ.

ಹೊಲಿಗೆಮನೆ

ಥ್ಯಾಂಕ್ಸ್ ಸರ್. 600 ಬಂತು. ಮಗನಿಗೆ ತೋರಿಸಿದೆ. "ಇದು ಪುಸ್ತಕದಲ್ಲೂ ಇದೆ ಅಮ್ಮ. ಎಲ್ಲಿ 100ಕ್ಕೆ ಕೂಡಬೇಕು, ಎಲ್ಲಿ ಕಳೀಬೇಕು ಅನ್ನೋದೇ ಮರೆತುಹೋಗುತ್ತೆ" ಅಂದ. ನನಗೂ ಅದೇ ಆಗುತ್ತಿತ್ತು. 38 ಸುಮ್ನೆ ಬಂದಿದ್ದಲ್ಲ.

ಇನ್ನೊಂದು ದಡ್ಡ ಪ್ರಶ್ನೆ. ನೂರೇ ಯಾಕೆ?

ರಿಟೈರ್ಡ್ ಮೇಷ್ಟ್ರು

ತಾಯಿ, ಅದು ದಡ್ಡ ಪ್ರಶ್ನೆ ಅಲ್ಲ. ಮೂವತ್ತು ವರ್ಷಕ್ಕಿಂತ ಜಾಸ್ತಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿದವನು ನಾನು. ಈ ಪ್ರಶ್ನೆ ಕೇಳಿದ ಮಕ್ಕಳು ಕೈಬೆರಳಲ್ಲಿ ಎಣಿಸುವಷ್ಟು. ಉಳಿದವರೆಲ್ಲ ನೂರರಿಂದ ಗುಣಿಸಿ, ನೂರರಿಂದ ಭಾಗಿಸಿ, ಯಾಕೆ ಅಂತ ಕೇಳದೆ ಮನೆಗೆ ಹೋದವರು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಗಣಿತಕ್ಕೆ 100. ಒಬ್ಬ ಹುಡುಗಿಗೆ ಕನ್ನಡದಲ್ಲಿ 110, ಗಣಿತದಲ್ಲಿ 90 ಬಂತು ಅಂತಿಟ್ಟುಕೊಳ್ಳಿ. ಯಾವುದರಲ್ಲಿ ಚೆನ್ನಾಗಿ ಮಾಡಿದ್ದಾಳೆ? 110 ದೊಡ್ಡದಾಗಿ ಕಾಣುತ್ತದೆ. ಆದರೆ ಎರಡೂ ಬೇರೆ ಬೇರೆ ಅಳತೆಯ ಪಾತ್ರೆ. ಎರಡನ್ನೂ ಒಂದೇ ಪಾತ್ರೆಗೆ ಸುರಿದು ನೋಡಬೇಕು. 125ಕ್ಕೆ 110 ಆದರೆ 100ಕ್ಕೆ 88. ಗಣಿತವೇ ಮುಂದೆ. ಆ ಒಂದೇ ಪಾತ್ರೆಯೇ ನೂರು. ಅದು ಇಪ್ಪತ್ತೋ ಸಾವಿರವೋ ಆಗಿದ್ದರೂ ಲೆಕ್ಕ ನಡೆಯುತ್ತಿತ್ತು. ಎಲ್ಲರೂ ಒಂದೇ ಪಾತ್ರೆ ಇಟ್ಟುಕೊಂಡರೆ ಸಾಕು.

ನಮ್ಮ ಅಪ್ಪನ ಪಾತ್ರೆ ಹದಿನಾರು. ಅವರು ಆಣೆ ಕಾಲದವರು. ಜಮೀನಿನಲ್ಲಿ ನಾಲ್ಕಾಣೆ ಪಾಲು ಅಂದರೆ ಕಾಲು ಭಾಗ. ಎಂಟಾಣೆ ಅಂದರೆ ಅರ್ಧ. ಪೂರ್ತಿ ನಿಜ ಆದರೆ "ಹದಿನಾರಾಣೆ ನಿಜ". ಈಗಿನ ಹುಡುಗರು ಅದನ್ನೇ "ನೂರಕ್ಕೆ ನೂರು" ಅನ್ನುತ್ತಾರೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆಯಿತು. ಅಪ್ಪ ಸಾಯುವ ತನಕ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದರು. ತಪ್ಪುತ್ತಿರಲಿಲ್ಲ.

ನಾನು ಕ್ಲಾಸಿನಲ್ಲಿ ಹಿಡಿದುಕೊಂಡಿದ್ದು ಈ ಪೈಸೆಯನ್ನೇ. ಶೇ 12 ಅಂದರೆ ರೂಪಾಯಿಗೆ 12 ಪೈಸೆ, ಅಷ್ಟೇ. ಮಗುವಿಗೆ ಶೇಕಡಾ ಅನ್ನುವ ಪದವೇ ಬೆಟ್ಟದ ಹಾಗೆ ಕಾಣುತ್ತದೆ. ರೂಪಾಯಿ, ಪೈಸೆ ಅಂದರೆ ಹೆದರಿಕೆ ಇಲ್ಲ. ಪೈಸೆಯನ್ನು ಅದು ಕಣ್ಣಲ್ಲಿ ಕಂಡಿರುವುದಿಲ್ಲ ಅನ್ನುವುದು ಬೇರೆ ಮಾತು.

ಈಗ ತುಪ್ಪಕ್ಕೆ ಬರೋಣ. ಅಂಗಡಿಯಲ್ಲಿ ನೀವು ಕೊಟ್ಟ 650ರೊಳಗೆ ತೆರಿಗೆ ಆಗಲೇ ಬಂದು ಕೂತಿದೆ. ತೆರಿಗೆ ಹಾಕಿದ್ದು 650ರ ಮೇಲಲ್ಲ. ತೆರಿಗೆ ಹಾಕುವ ಮುಂಚೆ ತುಪ್ಪಕ್ಕೆ ಒಂದು ಬರೀ ಬೆಲೆ ಇತ್ತಲ್ಲ, ಅದರ ಮೇಲೆ. ಆ ಬರೀ ಬೆಲೆಯ ಒಂದೊಂದು ರೂಪಾಯಿಗೂ 12 ಪೈಸೆ ಅಂಟಿಸಿದರು. ಹಾಗಾಗಿ ಒಂದು ರೂಪಾಯಿ ತುಪ್ಪಕ್ಕೆ ನೀವು ಕೊಟ್ಟಿದ್ದು 1 ರೂಪಾಯಿ 12 ಪೈಸೆ. 650 ರೂಪಾಯಿಯಲ್ಲಿ ಇಂಥ 1.12ರ ಗಂಟು ಎಷ್ಟಿವೆ? 650ನ್ನು 1.12ರಿಂದ ಭಾಗಿಸಿ. 580 ರೂಪಾಯಿ 36 ಪೈಸೆ. ಇದು ಬರೀ ತುಪ್ಪದ ಬೆಲೆ. ಉಳಿದ 69 ರೂಪಾಯಿ 64 ಪೈಸೆ ತೆರಿಗೆ.

ಸೆಪ್ಟೆಂಬರ್ 22ರ ನಂತರ ರೂಪಾಯಿಗೆ 12 ಪೈಸೆ ಹೋಗಿ 5 ಪೈಸೆ ಬಂತು. 580.36ಕ್ಕೆ ರೂಪಾಯಿಗೆ 5 ಪೈಸೆಯಂತೆ 29 ರೂಪಾಯಿ 2 ಪೈಸೆ. ಕೂಡಿದರೆ 609 ರೂಪಾಯಿ 38 ಪೈಸೆ. ಚಿಲ್ಲರೆ ಸರಿ ಮಾಡಿದರೆ 610.

ನಿಮ್ಮ ಮಗ ಹೇಳಿದ ಏಳು ಸುಳ್ಳಲ್ಲ. ಏಳೇ ಇಳಿದಿದೆ. ಆದರೆ ಅದು 650ರ ಏಳಲ್ಲ, 580ರ ಏಳು. ಅವನು ಹುಡುಕುತ್ತಿರುವ ಐದೂವರೆ ರೂಪಾಯಿಯಲ್ಲಿ 4 ರೂಪಾಯಿ 88 ಪೈಸೆ ಇಲ್ಲೇ ಸಿಕ್ಕಿತು. ಉಳಿದ 62 ಪೈಸೆ ಚಿಲ್ಲರೆ ಸರಿ ಮಾಡುವಾಗ ಹೋಯಿತು.

ಬ್ಯಾಗಿನ ಲೆಕ್ಕದಲ್ಲೂ ಇದೇ ತಪ್ಪು. ಅಂಗಡಿಯವನು ಬಿಟ್ಟಿದ್ದು ಹಳೇ ಬೆಲೆಯ ರೂಪಾಯಿಗೆ 20 ಪೈಸೆ. ನಿಮ್ಮ ಮಗ ಸೇರಿಸಿದ್ದು ಹೊಸ ಬೆಲೆಯ ರೂಪಾಯಿಗೆ 20 ಪೈಸೆ. ಬಿಟ್ಟಿದ್ದು ಒಂದರಿಂದ, ಸೇರಿಸಿದ್ದು ಇನ್ನೊಂದಕ್ಕೆ. ತಾಳೆ ನೋಡಿದ್ದರೆ ಅವನಿಗೇ ಗೊತ್ತಾಗುತ್ತಿತ್ತು. 576ರಲ್ಲಿ ಶೇ 20 ಅಂದರೆ 115 ರೂಪಾಯಿ 20 ಪೈಸೆ. ಕಳೆದರೆ 460 ರೂಪಾಯಿ 80 ಪೈಸೆ. 480 ಬರಲಿಲ್ಲ. ನಾನಾಗಿದ್ದರೆ ಸೊನ್ನೆ ಹಾಕುತ್ತಿರಲಿಲ್ಲ, ಒಂದಂಕ ಕೊಟ್ಟು "ತಾಳೆ ನೋಡು" ಅಂತ ಬರೆಯುತ್ತಿದ್ದೆ. ಇರಲಿ, ಅದು ಅವರವರ ಪೆನ್ನು.

ಇದಕ್ಕೆ ನಾನು ಮಾಡುತ್ತಿದ್ದ ಉಪಾಯ ಒಂದಿದೆ. ಕ್ಲಾಸಿನಲ್ಲಿ ಯಾರು ಶೇಕಡಾ ಅಂದರೂ ಉಳಿದವರೆಲ್ಲ ಒಟ್ಟಿಗೆ "ಯಾರದು?" ಅಂತ ಕೂಗಬೇಕು. ಒಬ್ಬ ಎದ್ದು "ಶೇ 20 ಸರ್" ಅನ್ನುತ್ತಾನೆ. "ಯಾರದು?" "ಹಳೇ ಬೆಲೆಯದು ಸರ್." ಆಗ ಕೂತುಕೋ. ಪಕ್ಕದ ಕ್ಲಾಸಿನ ಟೀಚರ್ ಬಂದು ಗಲಾಟೆ ಜಾಸ್ತಿ ಆಯ್ತು ಅಂತ ಎರಡು ಸಲ ಹೇಳಿಹೋದರು. ಪುಸ್ತಕದಲ್ಲೂ ಅಷ್ಟೇ, ಶೇಕಡಾ ಚಿಹ್ನೆ ಕಂಡಲ್ಲೆಲ್ಲ ಅದರ ಕೆಳಗೆ ಪೆನ್ಸಿಲಲ್ಲಿ ಯಾರದು ಅಂತ ಬರೆಯಬೇಕು. ಬರೆಯದಿದ್ದರೆ ಲೆಕ್ಕ ಶುರು ಮಾಡುವ ಹಾಗಿಲ್ಲ.

ಯಾರದೋ ಅವರಿಗೆ ನೂರು ಭಾಗ. ಅದೊಂದು ಗೊತ್ತಾದರೆ ಎಲ್ಲಿ ಕೂಡಬೇಕು, ಎಲ್ಲಿ ಕಳೆಯಬೇಕು ಅಂತ ನೆನಪಿಟ್ಟುಕೊಳ್ಳುವ ಕೆಲಸವೇ ಇಲ್ಲ. ಬ್ಯಾಗಿನ ಹಳೇ ಬೆಲೆ ನೂರು ಭಾಗ. 20 ಬಿಟ್ಟರು, 80 ಉಳೀತು. ಆ 80 ಭಾಗಕ್ಕೆ 480 ರೂಪಾಯಿ ಆದರೆ ಒಂದು ಭಾಗಕ್ಕೆ 6. ನೂರು ಭಾಗಕ್ಕೆ 600. ಮುಗೀತು.

ಮನೆಯಲ್ಲಿ ಹುಣಸೆ ಬೀಜ ಇದ್ದರೆ ನೂರು ಎಣಿಸಿ ಚಾಪೆ ಮೇಲೆ ಹತ್ತು ಸಾಲು ಹಾಕಿಸಿ. ಎರಡು ಸಾಲು ತೆಗೆಯಲಿ. ಉಳಿದ ಎಂಟು ಸಾಲನ್ನು ಕೈಯಲ್ಲಿ ಮುಚ್ಚಿ, "ಇದಿಷ್ಟಕ್ಕೆ 480 ಕೊಟ್ಟೆ, ಒಂದು ಬೀಜಕ್ಕೆ ಎಷ್ಟು?" ಅಂತ ಕೇಳಿ.

ಹೊಲಿಗೆಮನೆ

ಮೇಷ್ಟ್ರೇ, ನೀವು ನನಗೆ ಏಳನೇ ಕ್ಲಾಸಿಗೆ ಸಿಗಬೇಕಿತ್ತು. ಹುಣಸೆ ಬೀಜ ಇರಲಿಲ್ಲ, ಶರ್ಟಿನ ಗುಂಡಿ ಇತ್ತು. ನೂರು ಗುಂಡಿ ಜೋಡಿಸಿದೆವು. ಎರಡು ಸಾಲು ತೆಗೆದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವನೇ, "ಓ! ನಾನು ಎಂಟು ಸಾಲಲ್ಲಿ ಶೇ 20 ತಗೊಂಡು ಸೇರಿಸಿದೆ. ಅದು ಹದಿನಾರೇ ಗುಂಡಿ. ತೆಗೆದಿದ್ದು ಇಪ್ಪತ್ತು" ಅಂದ. ನಾನು ಬಾಯಿ ಬಿಟ್ಟಿರಲಿಲ್ಲ.

ಈಗ ಇಡೀ ಮನೆಯಲ್ಲಿ "ಯಾರದು?" ಶುರುವಾಗಿದೆ. ಅವರಪ್ಪ "ಮೊಬೈಲ್ ಶೇ 15 ಇದೆ, ಚಾರ್ಜಿಗೆ ಹಾಕೋ" ಅಂದರೆ ಅದಕ್ಕೂ "ಯಾರದು?"

ಇನ್ನೊಂದು ಕೇಳಬೇಕು. ಕಾಗದ ಪೆನ್ನು ಇಲ್ಲದೆ ಬೇಗ ಲೆಕ್ಕ ಹಾಕುವುದು ಹೇಗೆ? ಮಗ ಪ್ರತಿಯೊಂದಕ್ಕೂ ಗುಣಿಸಿ ಭಾಗಿಸಿ ಅರ್ಧ ಪುಟ ತುಂಬಿಸುತ್ತಾನೆ.

ರಿಟೈರ್ಡ್ ಮೇಷ್ಟ್ರು

ಹದಿನಾರು ಗುಂಡಿ ಅಂತ ಅವನೇ ಹೇಳಿದ್ದಾನೆ ಅಂದರೆ ಇನ್ನು ಭಯ ಇಲ್ಲ.

ಬಾಯಿಲೆಕ್ಕಕ್ಕೆ ಶೇ 10 ಮತ್ತು ಶೇ 1 ಎರಡೇ ಸಾಕು. 350ರಲ್ಲಿ ಶೇ 10 ಅಂದರೆ 35. ಶೇ 1 ಅಂದರೆ ಮೂರೂವರೆ. ಶೇ 5 ಬೇಕಾದರೆ ಹತ್ತರ ಅರ್ಧ, ಹದಿನೇಳೂವರೆ. ಶೇ 18 ಬೇಕಾದರೆ ಇಪ್ಪತ್ತು ಮಾಡಿ ಎರಡು ಬಿಡಿ. 70ರಲ್ಲಿ 7 ಹೋದರೆ 63. ಪೆನ್ನು ಯಾಕೆ?

ತಿರುಗಿಸಿ ನೋಡುವುದನ್ನೂ ಕಲಿಸಿ. 50ರಲ್ಲಿ ಶೇ 18 ಅಂದರೆ ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. 18ರಲ್ಲಿ ಶೇ 50 ಅಂದರೆ ಒಂಬತ್ತು ಅಂತ ಯಾರು ಬೇಕಾದರೂ ಹೇಳುತ್ತಾರೆ. ಎರಡೂ ಒಂದೇ, ಗುಣಾಕಾರದಲ್ಲಿ ಹಿಂದೆ ಮುಂದೆ ಮಾಡಿದರೆ ಏನೂ ಬದಲಾಗುವುದಿಲ್ಲವಲ್ಲ. 25ರಲ್ಲಿ ಶೇ 36 ಅಂದರೆ 36ರ ಕಾಲು ಭಾಗ, ಒಂಬತ್ತು.

ಇನ್ನು ಕೆಲವನ್ನು ಸುಮ್ಮನೆ ಬಾಯಲ್ಲಿ ಆಡುತ್ತಿರಬೇಕು. ಹಳೇ ಸೇರು ಪಾವು ಇದೆಯಾ ಮನೆಯಲ್ಲಿ? ಸೇರು ನೂರು ಭಾಗ ಆದರೆ ಪಾವು 25, ಅರೆಪಾವು ಹನ್ನೆರಡೂವರೆ, ಚಟಾಕು ಆರೂಕಾಲು. ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ, ಈ ಭಾಗ ಎಲ್ಲ ಕೈಯಲ್ಲೇ ಇತ್ತು. ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ನಾವು ಸಾಯಂಕಾಲ ದೀಪ ಹಚ್ಚಿದ ಮೇಲೆ ಹೇಳುತ್ತಿದ್ದೆವು. ಆ ಮಗ್ಗಿಗಳನ್ನು ಬಿಟ್ಟಿದ್ದು ದೊಡ್ಡ ನಷ್ಟ ಅಂತ ನನ್ನ ಅಭಿಪ್ರಾಯ. ಹಳೇ ಕಾಲದವನ ಗೊಣಗಾಟ ಅಂದುಕೊಂಡರೂ ಪರವಾಗಿಲ್ಲ.

ಗಲ್ಲಾಪೆಟ್ಟಿಗೆ

ಮೇಷ್ಟ್ರ "ಯಾರದು?" ಓದಿ ನಗು ಬಂತು, ಆಮೇಲೆ ಅಳುನೂ ಬಂತು. ನಾನು ಬೆಂಗಳೂರಲ್ಲಿ ಸೀರೆ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೀನಿ. ಸೇರಿದ ಹೊಸದರಲ್ಲಿ ನಡೆದ ಕತೆ ಹೇಳುತ್ತೇನೆ.

ಸರಕು ಬಂತು. ಒಂದೊಂದು ಸೀರೆ ನಮಗೆ 800ಕ್ಕೆ ಬಿದ್ದಿತ್ತು. ಓನರ್ "ಇಪ್ಪತ್ತು ಮಾರ್ಜಿನ್ ಇಟ್ಟು ಚೀಟಿ ಅಂಟಿಸು" ಅಂತ ಹೇಳಿ ಊಟಕ್ಕೆ ಹೋದರು. ನಾನು ಸ್ಕೂಲಲ್ಲಿ ಕಲಿತ ಹಾಗೆ 800ಕ್ಕೆ ಶೇ 20 ಅಂದರೆ 160, ಒಟ್ಟು 960 ಅಂತ ಐವತ್ತು ಸೀರೆಗೂ ಅಂಟಿಸಿದೆ. ಅವರ ಮನಸ್ಸಲ್ಲಿ ಇದ್ದಿದ್ದು 1000. ವ್ಯಾಪಾರದಲ್ಲಿ ಮಾರ್ಜಿನ್ ಅಂದರೆ ಮಾರುವ ಬೆಲೆಯ ಮೇಲೆ. 1000ಕ್ಕೆ ಮಾರಿದರೆ 200 ಉಳಿಯುತ್ತೆ, ಅದು 1000ದ ಶೇ 20. ಅದೇ 200 ಸ್ಕೂಲ್ ಲೆಕ್ಕದಲ್ಲಿ 800ರ ಶೇ 25 ಲಾಭ. ನಾನೂ ಸರಿ, ಅವರೂ ಸರಿ. ಆದರೆ ಸೀರೆಗೆ 40ರಂತೆ ಐವತ್ತು ಸೀರೆಗೆ 2000 ಹೋಯ್ತು. ಗೊತ್ತಾಗುವಷ್ಟರಲ್ಲಿ ಎಲ್ಲಾ ಖಾಲಿ! ಅಷ್ಟು ಬೇಗ ಯಾಕೆ ಖಾಲಿ ಆಯ್ತು ಅಂತ ಆಗ ನನಗೆ ಹೆಮ್ಮೆ ಬೇರೆ.

ಆಷಾಢದ್ದೂ ಹೇಳಿಬಿಡುತ್ತೇನೆ. ಬೋರ್ಡಲ್ಲಿ "50 + 20" ಅಂತ ಹಾಕುತ್ತೇವೆ. ಬರುವವರೆಲ್ಲ ಶೇ 70 ಬಿಟ್ಟರು ಅಂದುಕೊಂಡು ಬರುತ್ತಾರೆ. 2000ದ ಸೀರೆಗೆ ಮೊದಲು ಅರ್ಧ ಬಿಟ್ಟರೆ 1000. ಆಮೇಲಿನ ಶೇ 20 ಈ 1000ದ್ದು, 2000ದ್ದಲ್ಲ. 200 ಬಿಟ್ಟು 800 ತಗೊಳ್ತೀವಿ. ಒಟ್ಟು ಬಿಟ್ಟಿದ್ದು 1200, ಅಂದರೆ ಶೇ 60. ಬಿಲ್ ಹಾಕುವಾಗ ದಿನಕ್ಕೆ ನಾಲ್ಕು ಜನನಾದರೂ 600 ಅಲ್ವಾ ಅಂತ ಜಗಳಕ್ಕೆ ಬರುತ್ತಾರೆ. ಈ ವರ್ಷದಿಂದ ನಾನು "ಯಾರದು ಅಕ್ಕಾ?" ಅಂತ ಕೇಳೋಣ ಅಂತಿದ್ದೀನಿ.

ಸೂತ್ರಧಾರ

ಗಲ್ಲಾಪೆಟ್ಟಿಗೆ ಅವರೇ, 20 + 50 ಅಂತ ತಿರುಗಿಸಿ ಹಾಕಿದರೂ 800ಕ್ಕೇ ಬರುತ್ತದೆ. 0.5 × 0.8 = 0.8 × 0.5. ಮೇಷ್ಟ್ರು ಹೇಳಿದ ಹಿಂದೆ ಮುಂದೆ ಇದೇ.

ಮೇಡಂ, ನಿಮ್ಮ ಮಗನಿಗೆ ಬರೀ ಸೂತ್ರ ಕೊಟ್ಟು ಓಡಿಹೋಗಿದ್ದಕ್ಕೆ ಕ್ಷಮಿಸಿ. ನಾನೂ ಸೂತ್ರ ಬಾಯಿಪಾಠ ಮಾಡಿಯೇ ಪಾಸಾದವನು. ಅದು ಎಲ್ಲಿಂದ ಬಂತು ಅಂತ ಗುಂಡಿ ಕತೆ ಓದಿದ ಮೇಲೆ ಗೊತ್ತಾಗಿದ್ದು.

ರಿಟೈರ್ಡ್ ಮೇಷ್ಟ್ರು

ಲಾಭದ ಮಾತು ಬಂದಿದ್ದು ಒಳ್ಳೇದಾಯ್ತು. ಪರೀಕ್ಷೆಯಲ್ಲಿ ಬೇರೇನೂ ಹೇಳದಿದ್ದರೆ ಲಾಭ, ನಷ್ಟದ ಶೇಕಡಾ ಕೊಂಡ ಬೆಲೆಯದು. ರಿಯಾಯಿತಿ ನಮೂದಿಸಿದ ಬೆಲೆಯದು. ಬಡ್ಡಿ ಅಸಲಿನದು, ವರ್ಷಕ್ಕೆ. ಪುಸ್ತಕ ಇದನ್ನು ಬಾಯಿಬಿಟ್ಟು ಪ್ರತಿಸಲ ಹೇಳುವುದಿಲ್ಲ.

ಆದರೆ ಊರಲ್ಲಿ ಬಡ್ಡಿ ಕೇಳುವಾಗ ಹುಷಾರು. "ನೂರಕ್ಕೆ ಎರಡು ರೂಪಾಯಿ" ಅಂದರೆ ಅದು ತಿಂಗಳಿಗೆ. ವರ್ಷಕ್ಕೆ 24. ಬ್ಯಾಂಕಿನವರು ಶೇ 12 ಅಂದರೆ ಅದು ವರ್ಷಕ್ಕೆ. ಎರಡು ಕಡಿಮೆಯೋ ಹನ್ನೆರಡು ಕಡಿಮೆಯೋ ಅಂತ ಕೇಳಿದರೆ ಏಳನೇ ಕ್ಲಾಸಿನ ಹುಡುಗರು ಒಂದೇ ಬಾಯಲ್ಲಿ ಎರಡು ಅನ್ನುತ್ತಿದ್ದರು. ಅವರ ಅಪ್ಪಂದಿರಲ್ಲೂ ಕೆಲವರು ಹಾಗೇ ಅಂದುಕೊಂಡು ಕೈಯೊಡ್ಡಿದ್ದನ್ನು ನೋಡಿದ್ದೇನೆ. ಹಾಗಾಗಿ ಬಡ್ಡಿ ಲೆಕ್ಕದಲ್ಲಿ "ಯಾರದು?" ಜೊತೆಗೆ "ಎಷ್ಟು ದಿನಕ್ಕೆ?" ಅಂತಲೂ ಕೂಗಿಸುತ್ತಿದ್ದೆ.

ಕರಡು ತಿದ್ದುವವ

ನಾನು ಪತ್ರಿಕೆಯೊಂದರಲ್ಲಿ ಪುಟ ತಿದ್ದುವ ಕೆಲಸದಲ್ಲಿದ್ದವನು. ನಮ್ಮ ಜಾತಿಯವರ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಶೇ 73.40. ಇಂಥ ಕಡೆ ಕೈ ತಾನಾಗಿ "ಶೇ 10.49ರಷ್ಟು ಕುಸಿತ" ಅಂತ ಬರೆಯುತ್ತದೆ. ಮೇಷ್ಟ್ರ ಹಾಗೆ ಯಾರದು ಅಂತ ಕೇಳಿ ನೋಡಿ. ಮೊದಲು ನೂರು ಮಂದಿ ಬರೆದರೆ ಸುಮಾರು 84 ಮಂದಿ ಪಾಸು, ಆಮೇಲೆ 73. ಬರೆದವರ ನೂರಕ್ಕೆ ಹತ್ತೂವರೆ ಕಡಿಮೆ, ಸರಿ. ಆದರೆ ಹಿಂದಿನ ಫಲಿತಾಂಶಕ್ಕೆ ಹೋಲಿಸಿದರೆ ಕುಸಿತ 10.49 ಭಾಗಿಸು 83.89, ಅಂದರೆ ಶೇ 12.5. ಮೇಷ್ಟ್ರ ಅರೆಪಾವು! ಎರಡು ಶೇಕಡಾಗಳನ್ನು ಒಂದರಲ್ಲೊಂದು ಕಳೆದಾಗ ಬರುವುದನ್ನು "ಶೇಕಡಾವಾರು ಅಂಶ" ಅನ್ನಬೇಕು. ಒಂದು ಕಾಲಂ ಸುದ್ದಿಯ ಶೀರ್ಷಿಕೆಯಲ್ಲಿ ಅಷ್ಟು ಉದ್ದದ ಪದಕ್ಕೆ ಜಾಗ ಇರುವುದಿಲ್ಲ. ಅದು ನೆಪ ಅಂತ ನನಗೂ ಗೊತ್ತು.

ತುಪ್ಪವನ್ನೇ ತಗೊಳ್ಳಿ. ತೆರಿಗೆ 12ರಿಂದ 5 ಆಯ್ತು ಅಂದರೆ 7 ಅಂಶ ಇಳೀತು. ತೆರಿಗೆಯ ಹಣ 69.64ರಿಂದ 29.02ಕ್ಕೆ ಬಂತು, ಅಂದರೆ ತೆರಿಗೆ ಇಳಿದಿದ್ದು ಶೇ 58. ನೀವು ಕೊಡುವ ದುಡ್ಡು 650ರಿಂದ 610 ಆಯ್ತು, ಅಂದರೆ ಬೆಲೆ ಇಳಿದಿದ್ದು ಶೇ 6.15. ಏಳು, ಐವತ್ತೆಂಟು, ಆರು. ಮೂರೂ ಸರಿ. ಯಾರಿಗೆ ಯಾವುದು ಬೇಕೋ ಅದನ್ನು ಹೇಳಿಕೊಂಡು ಓಡಾಡಬಹುದು.

ಹೊಲಿಗೆಮನೆ

ಎಲ್ಲರಿಗೂ ಮತ್ತೆ ನಮಸ್ಕಾರ. ಒಂದು ವಾರ ಬರಲಿಕ್ಕೆ ಆಗಲಿಲ್ಲ, ಮದುವೆ ಬ್ಲೌಸುಗಳಿದ್ದವು.

ಅವರ ಟೀಚರ್ ಹತ್ತಿರ ಬ್ಯಾಗಿನ ಲೆಕ್ಕ ಮತ್ತೆ ಮಾಡಿ ತೋರಿಸಿದ್ದಾನೆ. ಅಂಕ ಬದಲಾಗಲ್ಲ ಅಂದರಂತೆ. ಆದರೆ ಬೋರ್ಡ್ ಮೇಲೆ ಅವನ ಕೈಯಲ್ಲೇ ಮಾಡಿಸಿದರಂತೆ. ನನಗೆ ಅಷ್ಟು ಸಾಕು. ಗುಂಡಿ ಡಬ್ಬಿ ತಗೊಂಡು ಹೋಗಿದ್ದ, ವಾಪಸ್ ಬಂದಾಗ 97 ಇದ್ದವು. ಶೇ 3 ನಷ್ಟ ಅಂತ ಅವನೇ ವರದಿ ಕೊಟ್ಟ.

ತುಪ್ಪದ ಡೈರಿ ಮುಂದುವರಿದಿದೆ. ನವೆಂಬರ್‌ನಲ್ಲಿ 610 ಇದ್ದದ್ದು 700 ಆಯಿತಲ್ಲ, ಅದನ್ನೂ ಹಿಡಿದ. 650ರಿಂದ 610ಕ್ಕೆ ಶೇ 6.15 ಇಳೀತು, 610ರಿಂದ 700ಕ್ಕೆ ಶೇ 14.75 ಏರಿತು. "ಒಂದರಲ್ಲಿ ಒಂದು ಕಳೆದು 8.60 ಏರಿತು ಅನ್ನಬಾರದು ಅಮ್ಮ, ಎರಡೂ ಬೇರೆಯವರದು. 650ಕ್ಕೆ 50 ಜಾಸ್ತಿ, ಶೇ 7.69" ಅಂದ. ನಾನು ಅಡುಗೆಮನೆಗೆ ಹೋಗಿ ಮೊಬೈಲಲ್ಲಿ ತಾಳೆ ನೋಡಿದೆ. ಸರಿ ಇತ್ತು. ಅವರಪ್ಪನಿಗೆ ಈಗ ತುಪ್ಪ ಕೈಗೆ ಅಂಟುವ ಮಾತು ತೆಗೆಯುವ ಹಾಗಿಲ್ಲ.

ಇನ್ನೊಂದು ವಿಷಯ. ನಾನು ಲೈನಿಂಗ್ ಬ್ಲೌಸಿಗೆ 350 ತಗೊಳ್ತಿದ್ದೆ. ಈ ತಿಂಗಳಿಂದ 400 ಮಾಡಿದ್ದೀನಿ. ಜಾಸ್ತಿ ಆಯ್ತೇನೋ ಅಂತ ಒಳಗೊಳಗೇ ಅಳುಕು. ನಿನ್ನೆ ಒಬ್ಬರು ಚೌಕಾಸಿ ಮಾಡುತ್ತಿದ್ದರು. ಇವನು ಒಳಗೆ ಹೋಂವರ್ಕ್ ಮಾಡುತ್ತಿದ್ದವನು ಪುಸ್ತಕದ ಹಿಂದಿನ ಪುಟದಲ್ಲಿ ಏನೋ ಗೀಚಿದ. ಅವರು ಹೋದ ಮೇಲೆ ತಂದು ತೋರಿಸಿದ. 350ಕ್ಕೆ 50, ಶೇ 14.28. ಕೆಳಗೆ ಪೆನ್ಸಿಲಲ್ಲಿ "ಹಳೇ ರೇಟಿನದು" ಅಂತ ಬರೆದಿದ್ದ.

"ತುಪ್ಪಕ್ಕಿಂತ ಕಮ್ಮಿನೇ ಏರಿಸಿದ್ದೀಯ ಅಮ್ಮ. ಇನ್ನೂ 1 ರೂಪಾಯಿ 64 ಪೈಸೆ ಕೇಳಬಹುದಿತ್ತು."

ರಿಟೈರ್ಡ್ ಮೇಷ್ಟ್ರು

14.29 ಬರೀಬೇಕು ಅಂತ ಹೇಳಿ, ಮೂರನೇ ಅಂಕಿ ಐದು. ಉಳಿದದ್ದೆಲ್ಲ ಹದಿನಾರಾಣೆ ಸರಿ.